ಕಾಡಿನಲ್ಲಿ ಹುಡುಕಾಟ ನಡೆಯುವಾಗ ‘ಯಾಕೆ ಮಾಡಿದರು?’ ಎಂಬ ಮಾತನ್ನು ತೂಗುವುದು ಹೇಗೆ

ಕೊಲೆ ಮಾಡಿ ಕಾಡು ಹೊಕ್ಕವರನ್ನು ಪೊಲೀಸರು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು ಅಂದುಕೊಳ್ಳಿ. ಮೊದಲು ಒಂದು ಖಾಲಿ ಹಾಳೆ ತಗೊಳ್ಳಿ. ಉದ್ದಕ್ಕೆ ಎರಡು ಗೀಟು ಎಳೆದು ಮೂರು ಕಾಲಂ ಮಾಡಿ. ಮೇಲೆ ಹೀಗೆ ಬರೆಯಿರಿ: ಏನಾಯಿತು, ಎಲ್ಲಿದ್ದಾರೆ, ಯಾಕೆ.

ನಾನು ಪತ್ರಿಕೆಯೊಂದರ ವಿದೇಶ ಸುದ್ದಿಯ ಡೆಸ್ಕಿನಲ್ಲಿ ಬಹಳ ಕಾಲ ರಾತ್ರಿ ಪಾಳಿ ಮಾಡಿದವನು. ಏಜೆನ್ಸಿ ಕಾಪಿ, ಅಂದರೆ ಸುದ್ದಿಸಂಸ್ಥೆಗಳು ಕಳಿಸುವ ವರದಿ, ಒಂದರ ಹಿಂದೆ ಒಂದು ಬಂದು ಬೀಳುವಾಗ ತಲೆ ಕೆಡದಿರಲಿ ಅಂತ ಈ ಹಾಳೆ ಇಟ್ಟುಕೊಳ್ಳುತ್ತಿದ್ದೆ. ಮನೆಯಲ್ಲಿ ಕೂತು ಸುದ್ದಿ ನೋಡುವವರಿಗೂ ಇದು ಅಷ್ಟೇ ಉಪಯೋಗಕ್ಕೆ ಬರುತ್ತದೆ.

ಮೂರನೇ ಕಾಲಂ ಎಲ್ಲಕ್ಕಿಂತ ಬೇಗ ತುಂಬುತ್ತದೆ, ನೋಡಿ. ಊರೊಳಗೆ ಅಪರಾಧ ನಡೆದರೆ ಟಿವಿಯವರಿಗೆ ತೋರಿಸಲು ಮನೆ ಇದೆ, ಬೀದಿ ಇದೆ, ಕೋರ್ಟಿನ ಮೆಟ್ಟಿಲಿದೆ. ಕಾಡಿನ ಹುಡುಕಾಟದಲ್ಲಿ ಏನಿದೆ? ಮರ, ಹೆಲಿಕಾಪ್ಟರ್, ಮತ್ತೆ ಮರ. ಉಳಿದ ಹೊತ್ತನ್ನೆಲ್ಲ ಮಾತಿನಲ್ಲೇ ತಳ್ಳಬೇಕು. ಎಲ್ಲಿದ್ದಾರೆ ಎಂದು ಹೇಳಿದರೆ ನಾಳೆಯೇ ಸುಳ್ಳಾಗಬಹುದು. ಯಾಕೆ ಮಾಡಿದರು ಎಂದು ಹೇಳಿದರೆ ಹಿಡಿದು ಕೇಳುವವರಿಲ್ಲ. ಹಾಗಾಗಿ ಎಲ್ಲರೂ ಅದನ್ನೇ ಹೇಳುತ್ತಾರೆ.

ಹಾಳೆ ಹೇಗೆ ಬಳಸಬೇಕು ಎಂದು ತೋರಿಸಲು 2019ರ ಕೆನಡಾ ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ.

ಮೊದಲ ಕಾಲಂ. ಜುಲೈ 15: ಬ್ರಿಟಿಷ್ ಕೊಲಂಬಿಯಾದಲ್ಲಿ, ಲಿಯಾರ್ಡ್ ಹಾಟ್ ಸ್ಪ್ರಿಂಗ್ಸ್‌ಗೆ ಹತ್ತಿರ, ಅಲಾಸ್ಕಾ ಹೆದ್ದಾರಿಯ ಬದಿಯಲ್ಲಿ ಯುವ ಜೋಡಿಯೊಂದರ ಶವ. ಹುಡುಗ ಆಸ್ಟ್ರೇಲಿಯಾದವನು, ಹುಡುಗಿ ಅಮೆರಿಕದವಳು. ಜುಲೈ 19: ಡೀಸ್ ಲೇಕ್ ಹತ್ತಿರ ಉರಿಯುತ್ತಿದ್ದ ಒಂದು ಟ್ರಕ್, ಅಲ್ಲಿಂದ ಸುಮಾರು 2 ಕಿಲೋಮೀಟರ್ ದೂರದಲ್ಲಿ ವಯಸ್ಸಾದ ಒಬ್ಬರ ಶವ. ಟ್ರಕ್ಕಿನಲ್ಲಿದ್ದ 19 ಮತ್ತು 18 ವರ್ಷದ ಇಬ್ಬರು ಹುಡುಗರು ನಾಪತ್ತೆ. ಜುಲೈ 22: ಮ್ಯಾನಿಟೋಬಾದ ಗಿಲ್ಲಮ್ ಹತ್ತಿರ, ಮೂರು ಸಾವಿರ ಕಿಲೋಮೀಟರಿಗೂ ಆಚೆ, ಸುಟ್ಟುಹೋದ ಟೊಯೊಟಾ ಕಾರು; ಆ ಹುಡುಗರು ಓಡಿಸಿಕೊಂಡು ಬಂದದ್ದು ಅದನ್ನೇ ಎಂದು ಆಮೇಲೆ ತಿಳಿಯಿತು. ಜುಲೈ 23: ನಾಪತ್ತೆಯಾದವರು ಎಂದಿದ್ದ ಇಬ್ಬರನ್ನೇ ಪೊಲೀಸರು ಶಂಕಿತರು ಎಂದು ಘೋಷಿಸಿದರು.

ಈಗ ಮೂರನೇ ಕಾಲಂಗೆ ಬನ್ನಿ. 23ರವರೆಗೆ ಅಲ್ಲಿ ಇದ್ದದ್ದು ಹೆದ್ದಾರಿಯಲ್ಲಿ ಓಡಾಡುವ ಯಾರೋ ಸರಣಿ ಕೊಲೆಗಾರ, ಅವನ ಕೈಗೆ ಸಿಕ್ಕ ಪಾಪದ ಹುಡುಗರು. 23ರ ಸಂಜೆಯ ಹೊತ್ತಿಗೆ ಅದೇ ಹುಡುಗರ ಅದೇ ಫೋಟೊ ಎದುರಿಗಿಟ್ಟುಕೊಂಡು ಜನ ‘ಕಣ್ಣು ನೋಡಿದರೇ ಗೊತ್ತಾಗುತ್ತೆ’ ಎನ್ನತೊಡಗಿದರು. ಇದಕ್ಕಾಗಿಯೇ ಪ್ರತಿ ಸಾಲಿನ ಪಕ್ಕ ದಿನಾಂಕ ಬೇಕು ಎನ್ನುವುದು. ಒಂದೇ ವಾರದಲ್ಲಿ ಒಬ್ಬರೇ ಎರಡು ವಿರುದ್ಧದ ಮಾತು ಆಡಿದ್ದು ದಿನಾಂಕ ಇಲ್ಲದಿದ್ದರೆ ಕಾಣುವುದೇ ಇಲ್ಲ.

ಆ ಹುಡುಗರನ್ನು ಮುಖಾಮುಖಿ ಕಂಡವರು ಏನೆಂದರು ಎನ್ನುವುದನ್ನೂ ಬರೆದುಕೊಳ್ಳಿ. ಆಲ್ಬರ್ಟಾದ ಕೋಲ್ಡ್ ಲೇಕ್‌ನಲ್ಲಿ ಕೆಸರಿನಲ್ಲಿ ಹೂತ ಕಾರನ್ನು ಎಳೆಯಲು ಒಬ್ಬರು ಅವರಿಗೆ ಸಹಾಯ ಮಾಡಿದ್ದರು. ಸ್ಪ್ಲಿಟ್ ಲೇಕ್‌ನಲ್ಲಿ ಮದ್ಯ ಸಾಗಿಸುತ್ತಾರೇನೋ ಎಂದು ತಪಾಸಣೆ ಮಾಡುವವರು ಕಾರು ನಿಲ್ಲಿಸಿ, ನೋಡಿ, ಬಿಟ್ಟಿದ್ದರು. ಹತ್ತಿರದಿಂದ ಕಂಡವರಿಗೆ ಏನೂ ಅನ್ನಿಸಿರಲಿಲ್ಲ. ಫೋಟೊ ಮಾತ್ರ ನೋಡಿದವರಿಗೆ ಎಲ್ಲ ಅನ್ನಿಸಿತ್ತು.

ಹೇಳಿದವರು ಯಾರು, ನೋಡಿದ್ದು ಯಾವಾಗ

ಮೂರನೇ ಕಾಲಂನ ಪ್ರತಿ ಸಾಲಿಗೂ ಎರಡು ಪ್ರಶ್ನೆ ಹಾಕಿ. ಇದನ್ನು ಹೇಳಿದವರು ಯಾರು? ಆ ವ್ಯಕ್ತಿಯನ್ನು ಅವರು ಕೊನೆಯ ಸಲ ನೋಡಿದ್ದು ಯಾವಾಗ? ‘ಎನ್ನಲಾಗಿದೆ’ ಎಂದು ಮುಗಿದು, ಅಂದವರ ಹೆಸರೇ ಇಲ್ಲದ ಸಾಲನ್ನು ನಾನು ಹಾಳೆಗೇ ಇಳಿಸುವುದಿಲ್ಲ.

ಟಿವಿಯಲ್ಲಿ ಕೂರುವ ಮಾಜಿ ಅಧಿಕಾರಿ, ಮನಃಶಾಸ್ತ್ರಜ್ಞ ಇಂಥವರ ಮಾತಿಗೆ ಜಾಸ್ತಿ ಹೊತ್ತು ಬೇಡ. ಅವರು ಆ ಹುಡುಗರನ್ನು ನೋಡಿದವರಲ್ಲ. ‘ಸಾಮಾನ್ಯವಾಗಿ ಇಂಥವರು’ ಎಂದು ಶುರುಮಾಡಿದರೆ ಅದು ಬೇರೆ ಪ್ರಕರಣಗಳ ಮಾತು, ಈ ಪ್ರಕರಣದ್ದಲ್ಲ.

ಕಷ್ಟ ಇರುವುದು ಮನೆಯವರ ಮಾತಿನಲ್ಲಿ. ಆ ಇಬ್ಬರಲ್ಲಿ ಕಿರಿಯವನ ಅಪ್ಪ ಹುಡುಕಾಟದ ನಡುವೆಯೇ ಮಾಧ್ಯಮದವರ ಜೊತೆ ಮಾತಾಡಿದರು. ಮಗ ತುಂಬಾ ನೋವಿನಲ್ಲಿದ್ದಾನೆ, ಪೊಲೀಸರ ಜೊತೆ ಗುಂಡಿನ ಕಾಳಗ ಮಾಡಿಯೇ ಸಾಯುತ್ತಾನೆ ಎಂಬ ಅರ್ಥದ ಮಾತು. ಎಲ್ಲ ಕಡೆ ಅದೇ ಹೆಡ್ಡಿಂಗ್ ಆಯಿತು. ಹೆತ್ತ ಅಪ್ಪನೇ ಹೇಳಿದ ಮೇಲೆ ಇನ್ನೇನು, ಅಲ್ವಾ? ಆದರೆ ಆ ಮಾತನ್ನು ಬಿಡಿಸಿ ನೋಡಿ. ‘ನೋವಿನಲ್ಲಿದ್ದ’ ಎನ್ನುವುದು ಅಪ್ಪನಿಗೆ ಗೊತ್ತಿರಬಹುದಾದ ವಿಷಯ. ‘ಹೀಗೇ ಸಾಯುತ್ತಾನೆ’ ಎನ್ನುವುದು ಭಯ. ಮಗ ಬದುಕಿ ಬರುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿರುವ ಮನುಷ್ಯನ ಮಾತು. ಮೊದಲನೆಯದನ್ನು ಪೆನ್ನಿನಲ್ಲಿ ಬರೆಯಿರಿ, ಎರಡನೆಯದನ್ನು ಪೆನ್ಸಿಲ್‌ನಲ್ಲಿ.

ಆಮೇಲೆ ಆಗಿದ್ದೇನು? ಆಗಸ್ಟ್ 7ರಂದು ನೆಲ್ಸನ್ ನದಿಯ ಹತ್ತಿರ, ಸುಟ್ಟ ಕಾರಿನಿಂದ ಸುಮಾರು 8 ಕಿಲೋಮೀಟರ್ ದೂರದ ದಟ್ಟ ಪೊದೆಯಲ್ಲಿ ಇಬ್ಬರ ಶವ ಸಿಕ್ಕಿದವು. ಗುಂಡು ಹೊಡೆದುಕೊಂಡು ಸತ್ತಿದ್ದರು. ಶವ ಸಿಗುವ ಎಷ್ಟೋ ದಿನ ಮೊದಲೇ ಸತ್ತಿದ್ದರು ಎಂದು ಪೊಲೀಸರು ಹೇಳಿದರು. ಕಾಳಗ ಇಲ್ಲ, ನೋಡುವವರಿಲ್ಲ. ಅಪ್ಪನ ಮಾತು ಅರ್ಧ ನಿಜವಾಯಿತು. ಇಂಥ ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಜಾಸ್ತಿ ದಾರಿ ತಪ್ಪಿಸುತ್ತದೆ, ಯಾಕೆಂದರೆ ಆಮೇಲೆ ಎಲ್ಲರೂ ‘ನಾನು ಅಂದಿದ್ದೆ’ ಎನ್ನುತ್ತಾರೆ.

ವಸ್ತು ಕಂಡ ಕೂಡಲೇ ಕಾರಣ ಸಿಕ್ಕಂತಲ್ಲ

ಆ ಹುಡುಗರಿಗೆ ಆನ್‌ಲೈನ್ ಗೇಮ್‌ನಲ್ಲಿ ಪರಿಚಯವಾಗಿದ್ದವನೊಬ್ಬ ಮಾಧ್ಯಮಕ್ಕೆ ಕೆಲವು ಫೋಟೊ ಕೊಟ್ಟ. ನಾಜಿ ಗುರುತಿನ ಚಾಕು, ತೋಳಪಟ್ಟಿ, ಸೈನಿಕರ ಹಾಗೆ ಡ್ರೆಸ್ ಹಾಕಿಕೊಂಡ ಹುಡುಗ. ಅಲ್ಲಿಗೆ ಮೂರನೇ ಕಾಲಂ ಭರ್ತಿ: ಒಬ್ಬರು ನಾಜಿ ಸಿದ್ಧಾಂತ ಎಂದರು, ಇನ್ನೊಬ್ಬರು ವಿಡಿಯೊ ಗೇಮ್ ಎಂದರು.

ಇಲ್ಲಿ ಮಾಡಬೇಕಾದ್ದು ಇಷ್ಟು. ವಸ್ತುವನ್ನು ‘ಏನಾಯಿತು’ ಕಾಲಂನಲ್ಲಿ ಬರೆಯಿರಿ: ‘ಅವನ ಹತ್ತಿರ ಇಂಥದ್ದು ಇದ್ದ ಫೋಟೊ ಇದೆ.’ ಅದನ್ನು ‘ಯಾಕೆ’ಗೆ ದಾಟಿಸಲು ಇನ್ನೊಂದು ಕೊಂಡಿ ಬೇಕು. ಸತ್ತ ಮೂವರಲ್ಲಿ ಯಾರನ್ನಾದರೂ ಆ ಸಿದ್ಧಾಂತಕ್ಕಾಗಿ ಆರಿಸಿಕೊಂಡ ಗುರುತು ಇದೆಯಾ? ಇಲ್ಲದಿದ್ದರೆ ಆ ಸಾಲು ಇದ್ದಲ್ಲೇ ಇರಲಿ. ಸುಳ್ಳು ಎಂದು ಹೊಡೆದು ಹಾಕುವುದೂ ಬೇಡ.

ಸೆಪ್ಟೆಂಬರ್ 27ರಂದು ಪೊಲೀಸರ ಕೊನೆಯ ವರದಿ ಬಂತು. ಸಿಕ್ಕ ಕ್ಯಾಮೆರಾದಲ್ಲಿ ಆರು ವಿಡಿಯೊ ಇದ್ದವು. ಅವುಗಳಲ್ಲಿ ಆ ಹುಡುಗರು ಮೂರೂ ಕೊಲೆ ಮಾಡಿದ್ದು ತಾವೇ ಎಂದು ಒಪ್ಪಿಕೊಂಡಿದ್ದರು, ಪಶ್ಚಾತ್ತಾಪ ತೋರಿಸಿರಲಿಲ್ಲ. ಹಡ್ಸನ್ ಕೊಲ್ಲಿಗೆ ನಡೆದುಹೋಗಿ, ದೋಣಿ ಕಿತ್ತುಕೊಂಡು ಯುರೋಪ್ ಅಥವಾ ಆಫ್ರಿಕಾ ತಲುಪುವುದು ಮೊದಲ ಪ್ಲಾನ್. ಅಷ್ಟೆಲ್ಲ ಮಾತಾಡಿದವರು ಯಾಕೆ ಕೊಂದೆವು ಎಂದು ಮಾತ್ರ ಹೇಳಿರಲಿಲ್ಲ. ಮುಂಚಿನ ಪರಿಚಯ ಇಲ್ಲದೆ, ಎದುರಿಗೆ ಸಿಕ್ಕವರನ್ನು ಕೊಂದಂತೆ ಕಾಣುತ್ತದೆ ಎನ್ನುವುದು ಪೊಲೀಸರ ತೀರ್ಮಾನ. ವಿಡಿಯೊಗಳನ್ನು ಅವರು ಹೊರಗೆ ಬಿಡಲಿಲ್ಲ. ಹೆಸರು ಮಾಡುವ ಆಸೆಯಿಂದ ಮಾಡಿಕೊಂಡಿರಬಹುದು, ನೋಡಿ ಇನ್ನೊಬ್ಬರು ಕಲಿತಾರು ಎಂಬ ಆತಂಕ ಅವರದು. ನಾನೂ ಇಲ್ಲಿ ಆ ಇಬ್ಬರ ಹೆಸರು ಹಾಕದಿರುವುದು ಅದಕ್ಕೇ.

ಪೊಲೀಸರ ಮಾತಿಗೆ ಇಬ್ಬರು ಕೇಳುಗರು

ಪೊಲೀಸ್ ಪ್ರೆಸ್‌ಮೀಟ್ ಕೇಳುವಾಗ ಒಂದು ವಿಷಯ ನೆನಪಿಡಿ. ಅಧಿಕಾರಿ ನಿಮಗೆ ಹೇಳುತ್ತಿರುವಂತೆ ಕಾಣುತ್ತದೆ, ಆದರೆ ಎಷ್ಟೋ ಸಲ ಮಾತು ಹೋಗುತ್ತಿರುವುದು ಕಾಡಿನಲ್ಲಿ ಕೂತವನಿಗೆ.

2014ರ ಸೆಪ್ಟೆಂಬರ್ 12ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎರಿಕ್ ಫ್ರೈನ್ ಪೊಲೀಸ್ ಠಾಣೆಯೊಂದರ ಮುಂದೆ ಹೊಂಚು ಹಾಕಿ ಒಬ್ಬ ಪೊಲೀಸನನ್ನು ಕೊಂದು, ಇನ್ನೊಬ್ಬನನ್ನು ಗಾಯಗೊಳಿಸಿ ಪೊಕೊನೊ ಬೆಟ್ಟಗಳ ಕಾಡು ಸೇರಿದ. ಹಿಡಿಯಲು 48 ದಿನ ಬೇಕಾಯಿತು. ಅಷ್ಟು ದಿನವೂ ಅವನಿಗೆ ಇದೊಂದು ಯುದ್ಧದ ಆಟ ಎನ್ನುವ ಮಾತು ಓಡುತ್ತಿತ್ತು. ಹಳೆಯ ಯುದ್ಧಗಳನ್ನು ಡ್ರೆಸ್ ಹಾಕಿ ಆಡುವ ಗುಂಪಿನಲ್ಲಿ ಅವನಿದ್ದದ್ದು ನಿಜ. ಆದರೆ ಅಪ್ಪ-ಅಮ್ಮನಿಗೆ ಬರೆದ ಪತ್ರ ಆಮೇಲೆ ಹೊರಬಂದಾಗ ಅದರಲ್ಲಿದ್ದದ್ದು ದೇಶ ಕೆಟ್ಟಿದೆ, ಬದಲಾವಣೆಗೆ ಕಿಡಿ ಹಚ್ಚಬೇಕು ಎಂಬ ರಾಜಕೀಯ. ಅಡಗಿರುವವನನ್ನು ‘ಆಟವಾಡುತ್ತಿದ್ದಾನೆ’, ‘ಹೇಡಿ’ ಎಂದು ಬಹಿರಂಗವಾಗಿ ಕರೆಯುವುದು ಅವನನ್ನು ಕೆಣಕಿ ಹೊರಗೆ ಎಳೆಯುವ ದಾರಿಯೂ ಆಗಬಹುದು. ಅದನ್ನು ಕಾರಣ ಎಂದು ಬರೆದುಕೊಳ್ಳಬೇಡಿ.

ಇದರ ಇನ್ನೊಂದು ಮುಖ ಇಂಗ್ಲೆಂಡಿನಲ್ಲಿ ಕಂಡಿತು, 2010ರ ಜುಲೈನಲ್ಲಿ. ರೌಲ್ ಮೋಟ್ ಎಂಬವನು ಮಾಜಿ ಗೆಳತಿಗೆ ಗುಂಡು ಹೊಡೆದು, ಅವಳ ಹೊಸ ಗೆಳೆಯನನ್ನು ಕೊಂದು, ಒಬ್ಬ ಪೊಲೀಸನನ್ನು ಗುಂಡು ಹೊಡೆದು ಕುರುಡು ಮಾಡಿ, ರಾಥ್‌ಬರಿ ಎಂಬ ಹಳ್ಳಿಯ ಸುತ್ತಮುತ್ತ ಅಡಗಿದ್ದ. ಅವನ ಖಾಸಗಿ ಬದುಕಿನ ಬಗ್ಗೆ ಬರುತ್ತಿದ್ದ ವರದಿಗಳು ಅವನನ್ನು ಕೆರಳಿಸಿದ್ದವು. ತನ್ನ ಬಗ್ಗೆ ತಪ್ಪು ಸುದ್ದಿ ಬಂದರೆ ಸಾರ್ವಜನಿಕರನ್ನು ಕೊಲ್ಲುತ್ತೇನೆ ಎಂದು ರೆಕಾರ್ಡ್ ಮಾಡಿ ಬಿಟ್ಟಿದ್ದ. ಪೊಲೀಸರು ಪತ್ರಿಕೆಗಳನ್ನು ಕರೆದು, ಅವನ ಖಾಸಗಿ ವಿಷಯ ಸದ್ಯ ಬೇಡ ಎಂದು ಕೇಳಿಕೊಂಡರು. ಡೆಸ್ಕಿನಲ್ಲಿ ಕೆಲಸ ಮಾಡಿದ ನನಗೆ ಇದಕ್ಕಿಂತ ನೇರವಾದ ಉದಾಹರಣೆ ಬೇರೆ ಕಂಡಿಲ್ಲ. ಸುಮ್ನೆ ಒಂದು ಊಹೆ ಬರೆದರೆ ಯಾರ ಗಂಟು ಹೋಗುತ್ತದೆ ಎನ್ನುವವರು ಇದನ್ನು ಓದಲಿ. ಇದ್ದಕ್ಕಿದ್ದಂತೆ ಕಾರಣದ ಸುದ್ದಿ ಎಲ್ಲ ಕಡೆ ನಿಂತುಹೋದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಕುಣಿಯಬೇಡಿ. ಯಾರದೋ ಜೀವ ಉಳಿಸಲು ನಿಲ್ಲಿಸಿರಬಹುದು.

ಕಾಡಿನ ಬಗ್ಗೆ ಕಾಡಿನವರನ್ನೇ ಕೇಳಿ

‘ಎಲ್ಲಿದ್ದಾರೆ’ ಕಾಲಂಗೂ ‘ಯಾಕೆ’ ಕಾಲಂಗೂ ನಡುವೆ ಒಂದು ಸೋರುವ ಜಾಗ ಇದೆ. ಸಿಗಲಿಲ್ಲ ಎಂದ ಕೂಡಲೇ ಇವರು ಮೊದಲೇ ತಯಾರಾಗಿ ಬಂದವರು, ಕಾಡಿನಲ್ಲಿ ಬದುಕುವ ವಿದ್ಯೆ ಕಲಿತವರು, ದೊಡ್ಡ ಯೋಜನೆ ಇದೆ ಎಂಬ ತೀರ್ಮಾನಕ್ಕೆ ಜನ ಬಂದುಬಿಡುತ್ತಾರೆ.

ಗಿಲ್ಲಮ್ ಸುತ್ತ ಇರುವುದು ಜೌಗು ನೆಲ. ಕಾಲಿಟ್ಟರೆ ಕುಸಿಯುತ್ತದೆ. ಜುಲೈನಲ್ಲಿ ಸೊಳ್ಳೆ ಮತ್ತು ಕಚ್ಚುವ ಕಪ್ಪು ನೊಣ ಮೋಡದ ಹಾಗೆ ಮುತ್ತುತ್ತವೆ. ಕರಡಿ ಇದೆ. ಆ ಊರಿಗೆ ಹೋಗಲು, ಬರಲು ಒಂದೇ ರಸ್ತೆ. ಹೊರಗಿನವರು ಎರಡು ದಿನ ತಡೆಯುವುದೂ ಕಷ್ಟ ಎಂದು ಅಲ್ಲಿನವರು ಅನ್ನುತ್ತಿದ್ದರು. ಅದೇ ಹೊತ್ತಿಗೆ ದೂರದ ಒಂಟಾರಿಯೊದಿಂದ ‘ನೋಡಿದೆವು’ ಎಂಬ ಫೋನ್ ಕರೆಗಳು ಬರುತ್ತಿದ್ದವು. ಯಾರ್ಕ್ ಲ್ಯಾಂಡಿಂಗ್‌ನಲ್ಲಿ ಕಂಡರು ಎಂದು ಪಡೆಯನ್ನೇ ಅಲ್ಲಿಗೆ ಸಾಗಿಸಿ ನೋಡಿದರೆ ಏನೂ ಸಿಗಲಿಲ್ಲ. ಶವ ಸಿಕ್ಕಿದ್ದು ಗಿಲ್ಲಮ್ ಕಡೆಯಲ್ಲೇ.

ಅಮೆರಿಕದಲ್ಲಿ ಬಾಂಬ್ ಇಟ್ಟು ಓಡಿಹೋಗಿದ್ದ ಎರಿಕ್ ರುಡಾಲ್ಫ್ ಐದು ವರ್ಷ ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ತಪ್ಪಿಸಿಕೊಂಡಿದ್ದ. ಬೆಂಬಲಿಗರ ಜಾಲ ಇದೆ, ಇಲ್ಲ, ಗುಹೆಯಲ್ಲಿ ಸತ್ತಿದ್ದಾನೆ ಎಂದೆಲ್ಲ ಮಾತಿತ್ತು. 2003ರ ಮೇ 31ರ ನಸುಕಿನಲ್ಲಿ ಮರ್ಫಿ ಎಂಬ ಸಣ್ಣ ಊರಿನ ಅಂಗಡಿಯ ಹಿಂದೆ, ಕಸದ ಡಬ್ಬಿಯ ಹತ್ತಿರ ಹೊಸ ಪೊಲೀಸನೊಬ್ಬನ ಕೈಗೆ ಸಿಕ್ಕ. ಓಕ್ ಕಾಯಿ, ಹಲ್ಲಿಯಂಥ ಸಾಲಮ್ಯಾಂಡರ್, ಕಣಜದಿಂದ ಕದ್ದ ಕಾಳು, ಕಸದ ಡಬ್ಬಿಯಲ್ಲಿ ಬಿದ್ದ ಊಟ ತಿಂದು ಬದುಕಿದೆ ಎಂದು ಅವನೇ ಆಮೇಲೆ ಹೇಳಿದ.

ಮುಂದಕ್ಕೆ ಕಳಿಸುವ ಮೊದಲು

ರುಡಾಲ್ಫ್‌ನ ಮೊದಲ ಬಾಂಬ್ ಸ್ಫೋಟಿಸಿದ್ದು 1996ರ ಜುಲೈ 27ರಂದು, ಅಟ್ಲಾಂಟಾ ಒಲಿಂಪಿಕ್ಸ್ ಪಾರ್ಕಿನಲ್ಲಿ. ಬಾಂಬ್ ಇದ್ದ ಚೀಲವನ್ನು ಮೊದಲು ಗಮನಿಸಿ ಜನರನ್ನು ದೂರ ಕಳಿಸಿದವನು ಸೆಕ್ಯುರಿಟಿ ಗಾರ್ಡ್ ರಿಚರ್ಡ್ ಜ್ಯುವೆಲ್. ಕೆಲವೇ ದಿನದಲ್ಲಿ ಅವನೇ ಶಂಕಿತ ಎಂದು ಸುದ್ದಿಯಾಯಿತು. ಸಾಕ್ಷಿ ಇರಲಿಲ್ಲ, ‘ಯಾಕೆ’ ಮಾತ್ರ ಸಿದ್ಧವಾಗಿತ್ತು: ಹೀರೊ ಆಗಲು ತಾನೇ ಬಾಂಬ್ ಇಟ್ಟು ತಾನೇ ಪತ್ತೆ ಮಾಡಿದ. ಕೇಳಲು ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ ನೋಡಿ. ಅವನ ಪಾತ್ರ ಇಲ್ಲ ಎಂದು ಸರ್ಕಾರ ಪತ್ರ ಕೊಟ್ಟಿದ್ದು ಅಕ್ಟೋಬರ್ 26ಕ್ಕೆ. ಅಲ್ಲಿಯವರೆಗೆ ಮನೆ ಮುಂದೆ ಕ್ಯಾಮೆರಾ. ನಿಜವಾದ ಕಾರಣವನ್ನು ರುಡಾಲ್ಫ್ ಹೇಳಿದ್ದು 2005ರಲ್ಲಿ: ಗರ್ಭಪಾತಕ್ಕೆ ಅವಕಾಶ ಕೊಟ್ಟ ಸರ್ಕಾರಕ್ಕೆ ಅವಮಾನ ಮಾಡುವುದು.

ಹಾಗಾಗಿ ಯಾವುದೇ ಕಾರಣದ ಪೋಸ್ಟ್ ಕಳಿಸುವ ಮೊದಲು ಅದರಲ್ಲಿ ಹೆಸರಿರುವವನು ನಿರಪರಾಧಿ ಎಂದು ಒಂದು ಕ್ಷಣ ಭಾವಿಸಿ, ಮತ್ತೆ ಓದಿ. ಆಗಲೂ ಕಥೆ ಅಷ್ಟೇ ಚೆನ್ನಾಗಿ ಕೂಡಿಕೊಂಡರೆ ಅದು ಯಾರಿಗೆ ಬೇಕಾದರೂ ಹೊಂದುತ್ತದೆ. ಕಳಿಸಬೇಡಿ. ತಂದೆ-ತಾಯಿ, ಅಣ್ಣ-ತಮ್ಮಂದಿರ ಮನೆ, ಫೋಟೊ ಇದ್ದರೆ ಯೋಚನೆಯೇ ಬೇಡ, ಅಲ್ಲೇ ಅಳಿಸಿ.

ಹುಡುಕಾಟ ಮುಗಿದ ಮೇಲೆ

ಕೆನಡಾದಲ್ಲಿ ಶವ ಸಿಕ್ಕಿದ್ದಕ್ಕೂ ವರದಿ ಬಂದದ್ದಕ್ಕೂ ನಡುವೆ ಏಳು ವಾರ ಕಳೆದವು. ಅಷ್ಟರಲ್ಲಿ ಜನ ಬೇರೆ ಸುದ್ದಿಗೆ ಹೋಗಿರುತ್ತಾರೆ. ಮೊಬೈಲ್‌ನಲ್ಲಿ ರಿಮೈಂಡರ್ ಇಟ್ಟು, ವರದಿ ಬಂದ ದಿನ ಹಾಳೆ ತೆಗೆದು ಪೆನ್ಸಿಲ್‌ನ ಸಾಲುಗಳನ್ನು ಒಂದೊಂದಾಗಿ ನೋಡಿ.

ಕೆಲವು ಸಾಲಿಗೆ ಎಂದೂ ಉತ್ತರ ಬರುವುದಿಲ್ಲ. 1998ರ ಮೇ ಕೊನೆಯಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಮೂವರು ಒಂದು ನೀರಿನ ಟ್ಯಾಂಕರ್ ಕದ್ದು, ಹಿಂಬಾಲಿಸಿದ ಪೊಲೀಸನನ್ನು ಕೊಂದು, ಮರುಭೂಮಿಯ ಕಣಿವೆಗಳಲ್ಲಿ ಮಾಯವಾದರು. ಟ್ಯಾಂಕರ್ ತುಂಬ ಸ್ಫೋಟಕ ತುಂಬಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಉಡಾಯಿಸಲು ಹೊರಟಿದ್ದರು ಎನ್ನುವುದು ಒಂದು ಊಹೆ. ಮೂವರ ಶವವೂ ಬೇರೆ ಬೇರೆ ವರ್ಷ ಸಿಕ್ಕವು, ಕೊನೆಯವನದು 2007ರಲ್ಲಿ. ಟ್ಯಾಂಕರ್ ಯಾಕೆ ಬೇಕಿತ್ತು ಎಂದು ಹೇಳಲು ಯಾರೂ ಉಳಿಯಲಿಲ್ಲ. ಅಣೆಕಟ್ಟಿನ ಕಥೆಯನ್ನು ಈಗಲೂ ಕೆಲವರು ನಡೆದದ್ದೆಂಬಂತೆ ಹೇಳುತ್ತಾರೆ. ನೀವು ಪಕ್ಕದಲ್ಲಿ ‘ಊಹೆ’ ಎಂದು ಬರೆದು ಬಿಡಿ.

ವರದಿ ಓದುವಾಗ ಹಾಳೆಗೆ ನಾಲ್ಕನೇ ಕಾಲಂ ಸೇರಿಸಿ: ಹೇಗೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಇದಕ್ಕೆ ಸಾಕ್ಷಿ ಸಿಗುತ್ತದೆ. ಕೆನಡಾದ ಹುಡುಗರಲ್ಲಿ ಒಬ್ಬ ಊರು ಬಿಟ್ಟ ದಿನವೇ, ಜುಲೈ 12ರಂದು, ಲೈಸೆನ್ಸ್ ತೋರಿಸಿ ಕಾನೂನು ಪ್ರಕಾರವೇ ಒಂದು ಎಸ್‌ಕೆಎಸ್ ರೈಫಲ್ ಕೊಂಡಿದ್ದ. ಇನ್ನೊಂದು ಬಂದೂಕು ಬಿಡಿಭಾಗ ಜೋಡಿಸಿ ಮಾಡಿದ್ದು, ಅದು ಎಲ್ಲಿಂದ ಬಂತೆಂದು ಪೊಲೀಸರಿಗೂ ಗೊತ್ತಾಗಲಿಲ್ಲ. ಹುಡುಕಾಟದ ದಿನಗಳಲ್ಲಿ ನನ್ನ ಡೆಸ್ಕಿಗೆ ಬಂದ ರಾಶಿ ಕಾಪಿಯಲ್ಲಿ ನಾಜಿ ಚಾಕುವಿನ ಬಗ್ಗೆ ಪುಟಗಟ್ಟಲೆ ಇತ್ತು, ಈ ರೈಫಲ್ ಬಗ್ಗೆ ಕೇಳಿದವರು ಕಡಿಮೆ.