ಬಸುರಿಯ ಬಿಪಿಗೆ ಬಿಸಿಲು ಸಾಕಾ?

‘ಬೆಳಗ್ಗೆ ಎಳೆಬಿಸಿಲಲ್ಲಿ ಕೂತ್ಕೋ, ಬಿಪಿ ಬರಲ್ಲ.’ ಬಸುರಿಯರು ಈ ಮಾತು ಕೇಳಿರುತ್ತೀರಿ, ಅಲ್ವಾ? ವಿಟಮಿನ್ ಡಿ ಕಡಿಮೆ ಇರುವವರಲ್ಲಿ ಬಸುರಿನ ಬಿಪಿ ಜಾಸ್ತಿ ಕಾಣಿಸುವುದು ನಿಜ. ಆದರೆ ಡಿ ಕೊಟ್ಟರೆ ಅದು ತಪ್ಪುತ್ತದೆ ಎಂಬುದು ಇನ್ನೂ ಗಟ್ಟಿಯಾಗಿಲ್ಲ. ಇದಕ್ಕಾಗಿ ಎಲ್ಲರಿಗೂ ಡಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದಿಲ್ಲ. ಅಂದಹಾಗೆ, ಎಳೆಬಿಸಿಲಲ್ಲಿ ಡಿ ಹುಟ್ಟುವುದು ತೀರಾ ಕಡಿಮೆ. ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತೇ ಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಅದೂ ಇಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಕ್ಯಾಲ್ಸಿಯಂ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಬಿಪಿ ತಡೆಯಲು ನೆರವಾಗುವುದು ಇದೇ. ಸರ್ಕಾರಿ ಮಾರ್ಗಸೂಚಿಯ ಮಾತ್ರೆಯಲ್ಲಿ 500 ಮಿ.ಗ್ರಾಂ ಕ್ಯಾಲ್ಸಿಯಂ, ಜೊತೆಗೆ 250 ಐಯು (ವಿಟಮಿನ್ ಅಳೆಯುವ ಮಾನ) ಡಿ ಇರುತ್ತದೆ. 14ನೇ ವಾರದಿಂದ ದಿನಕ್ಕೆ ಎರಡು, ಊಟದ ಜೊತೆ. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. 60,000 ಐಯುನ ಡಿ ಪೊಟ್ಟಣವನ್ನು ಮಾತ್ರ ಅಂಗಡಿಯಿಂದ ಸುಮ್ನೆ ತಂದು ಕುಡಿಯಬೇಡಿ. ಡಾಕ್ಟರು ಬರೆದರೆ ಸರಿ.

ಮೊದಲ ಹೆರಿಗೆಯಲ್ಲಿ ಬಿಪಿ ಏರಿತ್ತಾ? ಶುಗರ್, ಕಿಡ್ನಿ ತೊಂದರೆ, ಅವಳಿ ಬಸುರು ಇದೆಯಾ? ಮೂರು ತಿಂಗಳು ತುಂಬುವ ಹೊತ್ತಿಗೇ ಡಾಕ್ಟರಿಗೆ ಹೇಳಿ. ಬೇಕಿದ್ದರೆ ಅವರು ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡುತ್ತಾರೆ.

ಇನ್ನು ಮನೆಯಲ್ಲಿ ಮಷಿನ್ ಇಟ್ಟು ಬಿಪಿ ಅಳೆಯುವುದು. ಜನ ಎಡವುವುದು ಇಲ್ಲೇ. ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಆನಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಕೂತಿರಿ. ಕಾಲ ಮೇಲೆ ಕಾಲು ಬೇಡ. ನೈಟಿಯ ತೋಳಿನ ಮೇಲೇ ಪಟ್ಟಿ ಸುತ್ತಬೇಡಿ, ಬರಿ ತೋಳಿಗೆ ಸುತ್ತಿ. ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಮಷಿನ್ ಗುಂಯ್ ಎನ್ನುವಾಗ ಅತ್ತೆ ಏನೋ ಕೇಳುತ್ತಾರೆ. ಉತ್ತರ ಕೊಡಬೇಡಿ, ಮಾತಾಡಿದರೂ ಅಂಕಿ ಏರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ.

140/90 ಅಥವಾ ಮೇಲಿದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಮೂತ್ರದಲ್ಲಿ ಪ್ರೋಟೀನ್ ಇದೆಯಾ ಎಂದು ನೋಡುತ್ತಾರೆ. 160/110 ತಲುಪಿದರೆ ನೇರ ಆಸ್ಪತ್ರೆಗೆ.

ಅಂಕಿ ಸರಿಯಿದ್ದರೂ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಸಂಜೆ ಹೊತ್ತು ಪಾದ ಊದುವುದು ಮಾಮೂಲು. ಆದರೆ ಮುಖ ಊದಿಕೊಂಡು, ಸೀಮಂತದಲ್ಲಿ ತೊಡಿಸಿದ ಹಸಿರು ಬಳೆ ಇದ್ದಕ್ಕಿದ್ದಂತೆ ಬಿಗಿಯಾದರೆ ತಾಯಿ ಕಾರ್ಡ್ ಹಿಡಿದು ಹೊರಡಿ.