ಇಂಡಿಕಾಗೆ ಡ್ರಿಪ್ ಹಾಕಿ ಐಡ್ಲಿಂಗ್ ಸರಿ ಮಾಡಿದ್ದು

"ಪಂಪ್ ಪೋಯಿ." ಬದಿಯಡ್ಕದಿಂದ ಮಂಗಳೂರಿನವರೆಗೆ ನನ್ನ ಕಾರು ನೋಡಿದವರೆಲ್ಲ ಹೇಳಿದ್ದು ಇದನ್ನೇ. ಕೆಲವರು ಮಲಯಾಳದಲ್ಲಿ ಹೇಳಿದರು, ಕೆಲವರು ತುಳುವಿನಲ್ಲಿ, ಉಳಿದವರು ಕನ್ನಡದಲ್ಲಿ. ಎಂಜಿನ್ನಿಗೆ ಡೀಸೆಲ್ ಕೊಡುವ ಪಂಪ್ ಹಾಳಾಗಿದೆ ಎಂದು. ಪಂಪ್ ಹೋಗಿರಲಿಲ್ಲ. ಅದನ್ನು ಬಿಚ್ಚದೆ, ಕ್ಯಾಲಿಬ್ರೇಶನ್‌ಗೆ ಕೊಡದೆ, ಸುಮಾರು ನಾನೂರು ರೂಪಾಯಿಯಲ್ಲಿ ರಿಪೇರಿ ಮುಗಿಯಿತು. ಬರೆಯುವಾಗ ಸ್ವಲ್ಪ ಜಂಬ ಬಂದರೆ ಕ್ಷಮೆ ಇರಲಿ. ಇಷ್ಟು ದಿನ ಬೈಸಿಕೊಂಡಿದ್ದೇನಲ್ಲ.

ಗಾಡಿ ಕೆಎಲ್ 14 (ಕಾಸರಗೋಡು) ನಂಬರಿನ ಹಳೆಯ ಟಾಟಾ ಇಂಡಿಕಾ ಡೀಸೆಲ್. 1405 ಸಿಸಿ, ಟರ್ಬೊ ಇಲ್ಲ, ವಿಇ ರೋಟರಿ ಪಂಪ್. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ನಿಂತಿರುವಾಗ ನಿಮಿಷಕ್ಕೆ 900 ಸುತ್ತಿನ ಹತ್ತಿರ ಇರಬೇಕಾದ ಎಂಜಿನ್ ಆರ್‌ಪಿಎಂ ಇದ್ದಕ್ಕಿದ್ದಂತೆ 700ಕ್ಕೆ ಇಳಿಯುತ್ತಿತ್ತು. ಆಮೇಲೆ 1050ಕ್ಕೆ ಹಾರುತ್ತಿತ್ತು. ನಾಲ್ಕೈದು ಸಲ ಹಾಗೆ ಕುಣಿದು, ಏನೂ ಆಗದವರ ಹಾಗೆ ಎರಡು ಮೂರು ನಿಮಿಷ ಚೆನ್ನಾಗಿ ಓಡುತ್ತಿತ್ತು. ಬಿಸಿ ಇದ್ದರೂ ಅಷ್ಟೇ, ತಣ್ಣಗಿದ್ದರೂ ಅಷ್ಟೇ. ಡ್ಯಾಶ್‌ನಲ್ಲಿ ಟ್ಯಾಕೊಮೀಟರ್ ಇಲ್ಲ. ಹಾಗಾಗಿ ಸಾವಿರ ರೂಪಾಯಿ ಕೊಟ್ಟು ಲೇಸರ್ ಟ್ಯಾಕೊ ತರಿಸಿ, ಕ್ರ್ಯಾಂಕ್ ಪುಲ್ಲಿಗೆ ಬಿಳಿ ಸ್ಟಿಕ್ಕರ್ ಅಂಟಿಸಿದೆ. ಕಿವಿಯನ್ನು ನಂಬಿ ಐಡ್ಲಿಂಗ್ ನೋಡುವವರ ಹತ್ತಿರ ನನಗೆ ಜಗಳವಿಲ್ಲ. ಆದರೆ ಅವರ ಮಾತಿಗೆ ನಾನು ದುಡ್ಡು ಖರ್ಚು ಮಾಡುವುದಿಲ್ಲ.

ಅಷ್ಟರಲ್ಲಿ ಖರ್ಚಾಗಿದ್ದ ದುಡ್ಡೇ ಸಾಕಷ್ಟಿತ್ತು. ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ನಾಲ್ಕೂ ಬಿಚ್ಚಿ ಪ್ರೆಶರ್ ಸೆಟ್ ಮಾಡಿಸಿದ್ದಕ್ಕೆ ಮೂರೂವರೆ ಸಾವಿರದ ಹತ್ತಿರ. ಎಂಜಿನ್ ಮೌಂಟಿಂಗ್ ಒಂದು ಜೋಡಿಗೆ ಲೇಬರ್ ಸೇರಿ ಎರಡು ಸಾವಿರಕ್ಕೂ ಜಾಸ್ತಿ. ಟ್ಯಾಂಕ್ ಕ್ಲೀನಿಂಗ್ ಒಂದು ಸಾವಿರ. "ತಲಪಾಡಿ ಗಡಿಯಾಚೆ ಹೋಗಿ ಕರ್ನಾಟಕದ ಕಡಿಮೆ ರೇಟಿನ ಡೀಸೆಲ್ ಹಾಕಿಸ್ತೀರಲ್ಲ, ಅದರದ್ದೇ ತೊಂದರೆ" ಎಂದರು ಒಬ್ಬರು. ಗಡಿಯ ಈಚೆಯ ನಾವೆಲ್ಲ ಮಂಗಳೂರಿಗೆ ಹೋದಾಗ ಮಾಡುವುದೇ ಅದು ಅಲ್ವಾ? ಒಂದು ತಿಂಗಳು ಕೇರಳದ ಬಂಕಿನಲ್ಲೇ ತುಂಬಿಸಿದೆ. ಜೇಬು ಖಾಲಿಯಾಯಿತು, ಕುಣಿತ ನಿಲ್ಲಲಿಲ್ಲ.

ಒಬ್ಬ ಮೇಸ್ತ್ರಿ ಐಡ್ಲ್ ಸ್ಕ್ರೂ ತಿರುಗಿಸಿ 1100ಕ್ಕೆ ಏರಿಸಿ "ಸರಿಯಾಯ್ತು" ಎಂದ. ರೋಗ ಮುಚ್ಚಿತು ಅಷ್ಟೇ. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಟ್ರ್ಯಾಕ್ಟರಿನಂತೆ ಕೂಗುತ್ತಿತ್ತು. ಡೀಸೆಲ್ ಫಿಲ್ಟರ್ ಹೊಸದು ಹಾಕಿದಾಗ ಮಾತ್ರ ಒಂದು ವಾರ ತುಂಬಾ ಸುಧಾರಿಸಿತು. ಮತ್ತೆ ಅದೇ ಕಥೆ. ಆ ಒಂದು ವಾರ ಎಲ್ಲರ ದಾರಿ ತಪ್ಪಿಸಿತು. ನಿಜವಾಗಿ ಅದು ದೊಡ್ಡ ಸುಳಿವು. ಫಿಲ್ಟರ್ ಹೊಸದಾದರೆ ಪಂಪ್ ಎಳೆಯುವ ಜೋರು ಕಡಿಮೆ ಸಾಕು. ಎಳೆತ ಕಡಿಮೆಯಾದರೆ, ಎಲ್ಲೋ ಇರುವ ತೂತಿನಿಂದ ಒಳಬಂದ ಗಾಳಿ ಪಂಪಿನ ಹತ್ತಿರ ಹಿಗ್ಗುವುದೂ ಕಡಿಮೆ.

ಪಂಪ್ ಅಂಗಡಿಯವರು, ಪಂಪಿನೊಳಗೆ ಎಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರ್ ಸವೆದಿದೆ ಎಂದು ಹದಿನೆಂಟು ಸಾವಿರದ ಅಂದಾಜು ಕೊಟ್ಟರು. ಗಾಡಿಗೆ ಈಗ ಬರುವ ಬೆಲೆಯ ಕಾಲು ಭಾಗ ಅದು. ಅಲ್ಲಿಗೆ ನಾನು ಬೇರೆಯವರ ಕೈಗೆ ಕೊಡುವುದನ್ನು ನಿಲ್ಲಿಸಿದೆ.

ನನಗೆ ಸಂಶಯ ಹುಟ್ಟಿಸಿದ್ದು ನಮ್ಮ ಅಂಗಳ. ಮನೆ ಇರುವುದು ಪೆರ್ಲದ ಒಳಗಿನ ಒಂದು ಗುಡ್ಡದ ಇಳಿಜಾರಿನಲ್ಲಿ. ಮೂತಿ ಮೇಲೆ ಮಾಡಿ ನಿಲ್ಲಿಸಿದ ರಾತ್ರಿ ಕಳೆದರೆ ಬೆಳಗ್ಗೆ ಸೆಲ್ಫ್ ಉದ್ದಕ್ಕೆ ಹೊಡೆಯಬೇಕು. ಕುಣಿತವೂ ಜಾಸ್ತಿ. ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಅರ್ಧ ಸುತ್ತಿಗೆ ಸ್ಟಾರ್ಟ್. ಟ್ಯಾಂಕ್ ಫುಲ್ ಇದ್ದಾಗಲೂ ಪರವಾಗಿಲ್ಲ. ರಿಸರ್ವ್ ಹತ್ತಿರ ಬಂದರೆ ಸಹಿಸಲು ಆಗುವುದಿಲ್ಲ. ಗವರ್ನರ್ ಸವೆದಿದ್ದರೆ ಅದಕ್ಕೆ ಅಂಗಳದ ಇಳಿಜಾರು ಹೇಗೆ ಗೊತ್ತಾಗಬೇಕು? ಈ ಪಂಪ್ ತನ್ನ ಹೊಟ್ಟೆಯೊಳಗಿನ ವೇನ್ ಪಂಪ್ ಎಂಬ ಸಣ್ಣ ಪಂಪಿನಿಂದಲೇ ಹಿಂಬದಿಯ ಟ್ಯಾಂಕಿನ ಡೀಸೆಲ್ ಎಳೆದುಕೊಳ್ಳುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯೆಲ್ಲ ಸಕ್ಷನ್. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದಲ್ಲಿ ಒಂದು ಹನಿಯೂ ಕಾಣುವುದಿಲ್ಲ.

ಇದನ್ನು ಹೇಳಿದಾಗ ಮೇಸ್ತ್ರಿಗಳು ನಕ್ಕರು. ಫಿಲ್ಟರ್ ಮತ್ತು ಪಂಪಿನ ನಡುವೆ ಪಾರದರ್ಶಕ ಪೈಪ್ ಹಾಕಿ ನೋಡಿದರು. ಅರ್ಧ ನಿಮಿಷ ನೋಡಿ "ಏರ್ ಇಲ್ಲ" ಎಂದು ಎದ್ದರು. ನಾನು ಅದೇ ಪೈಪಿನ ಮುಂದೆ ಸ್ಟೂಲ್ ಹಾಕಿ ಕೂತೆ. ಮೊಬೈಲಿನಲ್ಲಿ ವಿಡಿಯೊ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಬೆರಳಿನ ಉದ್ದದ ಒಂದು ಗುಳ್ಳೆ ಸರ್ರನೆ ಹೋಯಿತು. ಹೋದ ಮರುಕ್ಷಣ ಆರ್‌ಪಿಎಂ ಬಿತ್ತು. ಸಣ್ಣ ಸಣ್ಣ ಗುಳ್ಳೆಗಳು ಫಿಲ್ಟರ್ ತಲೆಯಲ್ಲಿ ಸೇರಿಕೊಳ್ಳುತ್ತವೆ. ಜಾಗ ಸಾಲದಾದಾಗ ಒಟ್ಟಿಗೆ ಹೊರಡುತ್ತವೆ. ನಡುವಿನ ಎರಡು ಮೂರು ನಿಮಿಷ ಎಲ್ಲವೂ ಚೆನ್ನಾಗಿರುವುದು ಅದಕ್ಕೇ. ಪೈಪ್ ಹಾಕಿದರೆ ಕನಿಷ್ಠ ಇಪ್ಪತ್ತು ನಿಮಿಷ ನೋಡಿ.

ಗಾಳಿ ಇದೆ ಎಂದು ಗೊತ್ತಾಯಿತು. ಎಲ್ಲಿಂದ ಎಂದು ಗೊತ್ತಾಗಲು ಗಾಡಿಗೆ ಡ್ರಿಪ್ ಹಾಕಿದೆ. ಐದು ಲೀಟರಿನ ಖಾಲಿ ಆಯಿಲ್ ಕ್ಯಾನ್ ತೊಳೆದು, ಒಣಗಿಸಿ, ಸೋಸಿದ ಡೀಸೆಲ್ ತುಂಬಿಸಿ ಬಾನೆಟ್ ಲಾಕಿಗೆ ತೂಗುಹಾಕಿದೆ. ಅದರಿಂದ ನೇರ ಪಂಪಿನ ಇನ್ ಕಡೆಗೆ. ಮಿಕ್ಕಿ ವಾಪಸ್ ಬರುವ ಡೀಸೆಲ್, ಅಂದರೆ ರಿಟರ್ನ್ ಕೂಡ ಅದೇ ಕ್ಯಾನಿಗೆ. ಎರಡು ಲೀಟರಿನ ಜ್ಯೂಸ್ ಬಾಟಲಿ ಸಾಲದು. ರಿಟರ್ನ್ ಡೀಸೆಲ್ ಬಿಸಿಯಾಗಿ ಬಂದು ಬಾಟಲಿ ಮೆತ್ತಗಾಗುತ್ತದೆ. ಕೆಳಗೆ ಫ್ಯಾನ್ ಇದೆ, ಎಕ್ಸಾಸ್ಟ್ ಇದೆ, ನೆನಪಿರಲಿ. ಪೈಪನ್ನು ಪಂಪಿಗೆ ಸೇರಿಸುವ ಟೊಳ್ಳು ಬೋಲ್ಟ್ (ಬ್ಯಾಂಜೊ ಬೋಲ್ಟ್) ಬಿಚ್ಚುವವರು ಔಟ್ ಎಂದು ಬರೆದಿರುವುದನ್ನು ಬೇರೆ ಇಡಿ. ಅದರೊಳಗಿನ ತೂತು ಸಣ್ಣದು. ಇನ್ ಕಡೆಯ ಬೋಲ್ಟಿನ ಜೊತೆ ಅದಲುಬದಲಾದರೆ ಹೊಸ ರೋಗ ಶುರುವಾಗುತ್ತದೆ.

ಸ್ಟಾರ್ಟ್ ಮಾಡಿ ಬ್ಲೀಡ್ ಆದ ಮೇಲೆ, ಅಂದರೆ ಒಳಗಿದ್ದ ಗಾಳಿ ಹೊರಹೋದ ಮೇಲೆ, ಆರ್‌ಪಿಎಂ ಒಂದೇ ಕಡೆ ನಿಂತಿತು. ಮುಕ್ಕಾಲು ಗಂಟೆ ಓಡಿಸಿದೆ. ಅಲುಗಲಿಲ್ಲ. ಹದಿನೆಂಟು ಸಾವಿರ ಅಲ್ಲೇ ಉಳಿಯಿತು.

ಹೇಗೂ ಕ್ಯಾನ್ ತೂಗುತ್ತಿತ್ತು. ಸುಮ್ನೆ ಇರಲಿಕ್ಕಾಗಲಿಲ್ಲ. ಐದರಲ್ಲಿ ಒಂದು ಪಾಲು ತೆಂಗಿನೆಣ್ಣೆ ಬೆರೆಸಿ ನೋಡಿದೆ. ಇದು ಹಳೆಯ ಇಂಡೈರೆಕ್ಟ್ ಇಂಜೆಕ್ಷನ್ ಎಂಜಿನ್, ಏನು ಕೊಟ್ಟರೂ ತಿನ್ನುತ್ತದೆ. ಆರ್‌ಪಿಎಂನಲ್ಲಿ ವ್ಯತ್ಯಾಸವಿಲ್ಲ, ಟಕಟಕ ಸದ್ದು ಸ್ವಲ್ಪ ಕಡಿಮೆ. ಅಂಗಳವೆಲ್ಲ ಹಪ್ಪಳ ಕರಿದ ವಾಸನೆ. ಮನೆಯವರು ಅಡುಗೆಮನೆ ಕಿಟಕಿ ಮುಚ್ಚಿದರು. ಆದರೆ ಡಿಸೆಂಬರ್ ಬೆಳಗ್ಗೆ ಪೈಪಿನೊಳಗೆ ಬಿಳಿ ಮೋಡದ ಹಾಗೆ ಕಂಡಿತು. 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದಲ್ಲ. ಅಲ್ಲಿಗೆ ಬಿಟ್ಟೆ. ಈಗಿನ ತೆಂಗಿನೆಣ್ಣೆ ರೇಟಿನಲ್ಲಿ ಯಾರೂ ಇದನ್ನು ಮಾಡುವ ಅಪಾಯವೂ ಇಲ್ಲ. ಡೀಸೆಲಿಗಿಂತ ಎಷ್ಟೋ ಜಾಸ್ತಿ.

ಮುಂದೆ ಒಂದೊಂದೇ ಹಂತ ಹಿಂದಕ್ಕೆ ಹೋಗಬೇಕು. ಕ್ಯಾನಿನ ಪೈಪನ್ನು ಫಿಲ್ಟರಿನ ಒಳಬಾಯಿಗೆ ಕೊಟ್ಟೆ. ಇಲ್ಲೊಂದು ವಿಷಯ ಇದೆ. ಕ್ಯಾನ್ ಮೇಲೆ ತೂಗುತ್ತಿದ್ದರೆ ಡೀಸೆಲ್ ತಾನಾಗಿ ಇಳಿಯುತ್ತದೆ, ಸಕ್ಷನ್ ಇರುವುದಿಲ್ಲ. ಫಿಲ್ಟರ್ ತಲೆಯ ಓ-ರಿಂಗ್ ಹೋಗಿದ್ದರೂ ಗಾಳಿ ಒಳಗೆ ಬರುವುದಿಲ್ಲ, ಐಡ್ಲಿಂಗ್ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಪಂಪಿಗೆ ಮೇಲಿಂದ, ಉಳಿದ ಎಲ್ಲ ಹಂತಕ್ಕೂ ಕ್ಯಾನ್ ನೆಲದಲ್ಲಿ. ಪಂಪ್ ಎಳೆಯಲಿ, ಅದರ ಕೆಲಸ ಅದು. ಈ ಪ್ರಯೋಗ ಮಾಡಿ ಏನೂ ಸಿಗಲಿಲ್ಲ ಎಂದವರಲ್ಲಿ ಹೆಚ್ಚಿನವರು ಕ್ಯಾನನ್ನು ಮೇಲೆಯೇ ಬಿಟ್ಟಿರುತ್ತಾರೆ.

ನೆಲದ ಕ್ಯಾನಿನಿಂದ ಫಿಲ್ಟರಿಗೆ ಕೊಟ್ಟಾಗಲೂ ಚೆನ್ನಾಗಿಯೇ ಓಡಿತು. ಫಿಲ್ಟರ್ ತಲೆ, ಕೈಪಂಪ್, ವಾಷರ್ ಎಲ್ಲ ಪಾಸ್. ಆಮೇಲೆ ಟ್ಯಾಂಕಿನ ಹತ್ತಿರ ರಬ್ಬರ್ ಹೋಸ್ ಕಳಚಿ, ನೆಲದಡಿಯ ಲೋಹದ ಪೈಪಿನ ಹಿಂದಿನ ತುದಿಗೆ ಕ್ಯಾನ್ ಜೋಡಿಸಿದೆ. ಹತ್ತು ನಿಮಿಷ ಆಗಿರಬೇಕು, 700. ಮತ್ತೆ 1050. ಅಷ್ಟು ಖುಷಿಯಿಂದ ಆ ಕುಣಿತವನ್ನು ನೋಡಿದ್ದು ಅದೇ ಮೊದಲು.

ಪೈಪಿನ ಎರಡೂ ತುದಿ ಬಿಡಿಸಿ, ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ ಗಾಳಿ ಕೊಟ್ಟೆ. ಅರ್ಧ ಬಾರ್ ಸಾಕು, ಜಾಸ್ತಿ ಬೇಡ. ಮುಚ್ಚಲು ಏನು ಬಳಸಿದೆ ಎಂದು ಹೇಳುವುದಿಲ್ಲ. ಅಡಿಕೆ ತೋಟ ಇರುವವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಸೋಪಿನ ನೀರು ಹಚ್ಚಿದೆ. ಉದ್ದಕ್ಕೂ ಎಲ್ಲೂ ಗುಳ್ಳೆ ಇಲ್ಲ, ಆದರೆ ಗಾಳಿ ನಿಲ್ಲುತ್ತಿಲ್ಲ. ಕೊನೆಗೆ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಿದೆ. ಮುಂದಿನ ಚಕ್ರದ ಹಿಂದಿನ ಕ್ಲಿಪ್ಪಿನೊಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆದ ಕೂಡಲೇ ಬುಳಬುಳ ಎಂದು ನೊರೆ ಎದ್ದಿತು. ಸೂಜಿಯ ಮೊನೆಯಷ್ಟು ತೂತು, ಸುತ್ತ ತುಕ್ಕು.

ನಮ್ಮ ಕಡೆ ಇದು ಆಶ್ಚರ್ಯವಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರ ಎಂದು ಸಮುದ್ರದ ಬದಿಯಲ್ಲೇ ಓಡಾಟ, ಉಪ್ಪು ಗಾಳಿ. ತಲಪಾಡಿ–ಚೆಂಗಳ ಷಟ್ಪಥ ಹೆದ್ದಾರಿ ಕೆಲಸ ನಡೆಯುವಾಗ ಎರಡು ಮೂರು ಮಳೆಗಾಲ ಸರ್ವಿಸ್ ರಸ್ತೆಯ ಕೆಸರಿನಲ್ಲೇ ಹೋಗಿದ್ದೇವೆ. ಕ್ಲಿಪ್ಪಿನೊಳಗೆ ಸೇರಿದ ಮಣ್ಣು ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ನೀರು ಹೊಡೆಸಿ ತೊಳೆಸಿದರೆ ಹೊರಗಿನದ್ದು ಮಾತ್ರ ಹೋಗುತ್ತದೆ.

ತುಕ್ಕು ಹಿಡಿದ ಒಂದು ಅಡಿ ಕತ್ತರಿಸಿ ತೆಗೆದು, ಡೀಸೆಲಿಗೆ ಆಗುವ ಎಂಟು ಎಂಎಂ ಹೋಸ್ ಎರಡು ಕಡೆ ಕ್ಲಾಂಪ್ ಹಾಕಿ ಸೇರಿಸಿದೆ. ಅಡಿಕೆಗೆ ಮದ್ದು ಬಿಡುವ ಹೋಸ್ ಬೇಡ, ಡೀಸೆಲ್ ಅದನ್ನು ತಿಂದುಬಿಡುತ್ತದೆ. ಪಾರದರ್ಶಕ ಪೈಪನ್ನೂ ಕಾಯಂ ಬಿಡಬೇಡಿ, ಕೆಲವೇ ತಿಂಗಳಲ್ಲಿ ಕಡ್ಡಿಯಂತೆ ಗಟ್ಟಿಯಾಗಿ ತುದಿಯಲ್ಲಿ ಮತ್ತೆ ಗಾಳಿ ಎಳೆಯುತ್ತದೆ. ಹೋಸ್, ಕ್ಲಾಂಪ್, ಹೊಸ ಕ್ಲಿಪ್ ಎಲ್ಲ ಸೇರಿ 380 ಆಗಿರಬಹುದು. ಐಡ್ಲ್ ಸ್ಕ್ರೂ ಹಳೆಯ ಜಾಗಕ್ಕೆ ತಂದೆ. ಆ ಜಾಗ ಹುಡುಕುವುದಕ್ಕೆ ನನ್ನದೇ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಈಗ 890ರ ಆಸುಪಾಸಿನಲ್ಲಿ ಹತ್ತು ಆಚೆ ಈಚೆ, ಅಷ್ಟೇ. ಲೀಟರಿಗೆ 14ಕ್ಕೆ ಇಳಿದಿದ್ದ ಮೈಲೇಜ್ 17ರ ಹತ್ತಿರ ಬಂದಿದೆ.

ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಹೈ ಪ್ರೆಶರ್ ಪೈಪಿನಿಂದ ಡೀಸೆಲ್ ಕೊಡುವ ಎಂಜಿನ್) ಗಾಡಿಯವರು ಇದನ್ನು ಹಾಗೇ ಮಾಡಲು ಹೋಗಬೇಡಿ. ಅಲ್ಲಿ ಐಡ್ಲಿಂಗ್‌ನಲ್ಲೇ ರೈಲ್ ಪ್ರೆಶರ್ 250–300 ಬಾರ್ ಇರುತ್ತದೆ. ನಮ್ಮಂತೆ ನಾಝಲ್ ಯೂನಿಯನ್ ಸಡಿಲಿಸಿ ಬ್ಲೀಡ್ ಮಾಡಿದರೆ ಚರ್ಮದೊಳಕ್ಕೆ ಡೀಸೆಲ್ ನುಗ್ಗುತ್ತದೆ. ಅಲ್ಲಿ ಕ್ಯಾನಿಗಿಂತ ಮೊದಲು ಬ್ಯಾಕ್ ಲೀಕ್, ಅಂದರೆ ಇಂಜೆಕ್ಟರಿನಿಂದ ವಾಪಸ್ ಹೋಗುವ ಡೀಸೆಲ್ ಎಷ್ಟೆಂದು ನೋಡಬೇಕು. ನಾಲ್ಕು ಇಂಜೆಕ್ಟರಿನ ರಿಟರ್ನ್ ಬಾಯಿಗೆ ನಾಲ್ಕು ಪೈಪ್, ನಾಲ್ಕು ಸಣ್ಣ ಬಾಟಲಿ. ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಯಾವುದು ಬೇಗ ತುಂಬುತ್ತದೆ ಎಂದು ನೋಡುವುದು. ನೆರೆಮನೆಯ ಕಾರಿಗೆ ಮಾಡಿದಾಗ ಮೂರನೆಯದು ಉಳಿದವುಗಳ ದುಪ್ಪಟ್ಟಿಗಿಂತ ಜಾಸ್ತಿ ತುಂಬಿತು. ಅದರ ಖರ್ಚು ನಾನೂರರಲ್ಲಿ ಮುಗಿಯಲಿಲ್ಲ ಬಿಡಿ.

ಪಂಪ್ ಅಂಗಡಿಗೆ ಗಾಡಿ ತೆಗೆದುಕೊಂಡು ಹೋಗಿ ತೋರಿಸಿದೆ. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಯಾರ ಹತ್ತಿರ ಪಂಪ್ ಮಾಡಿಸಿದಿರಿ?" ಎಂದರು. ಪೈಪಿನ ತುಂಡು ಡಿಕ್ಕಿಯಲ್ಲಿತ್ತು, ಕೈಗೆ ಕೊಟ್ಟೆ. ತೂತು ಹುಡುಕಲು ಅವರಿಗೂ ಸ್ವಲ್ಪ ಹೊತ್ತು ಬೇಕಾಯಿತು.

ರಿಟರ್ನ್ ಪೈಪ್ ಅದೇ ಕ್ಲಿಪ್ಪುಗಳಲ್ಲೇ ಹೋಗುತ್ತದೆ. ಅದಕ್ಕೂ ತುಕ್ಕು ಶುರುವಾಗಿದೆ. ಅದು ತೂತಾದರೆ ಹೊರಗೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೂ ಮಳೆಗಾಲದ ಮೊದಲೇ ಬದಲಿಸಬೇಕೆಂದು ಎರಡು ಮೀಟರ್ ಹೋಸ್ ತಂದಿಟ್ಟಿದ್ದೇನೆ.