ಸಂತೆ, ಖಾಸಗಿ ಮಾರ್ಕೆಟ್, ಫುಟ್‌ಪಾತ್: ಮೂರೂ ಕಡೆ ಹಣ್ಣು ಮಾರಿದ ನನ್ನ ಅನುಭವ

ವ್ಯಾಪಾರಕ್ಕೆ ಕೂತವರಿಗೆ ಕಾನೂನು ಅಂದರೆ ಮೊದಲು ನೆನಪಾಗುವುದು ದುಡ್ಡು ಕೇಳಲು ಬರುವ ಮನುಷ್ಯ. ಒಬ್ಬ ಚೀಟಿ ಹರಿದು ಕೊಡುತ್ತಾನೆ. ಇನ್ನೊಬ್ಬ ಏನೂ ಕೊಡದೆ ದುಡ್ಡು ಮಾತ್ರ ತಗೊಂಡು ಹೋಗುತ್ತಾನೆ. ನಾನು ಸಂತೆಯಲ್ಲಿ, ಖಾಸಗಿ ಮಾರ್ಕೆಟ್ಟಿನಲ್ಲಿ, ರಸ್ತೆ ಬದಿಯಲ್ಲಿ ಮೂರೂ ಕಡೆ ಹಣ್ಣು ಮಾರಿದ್ದೇನೆ. ಎಲ್ಲ ಕಡೆಯೂ ನಾನು ಮೊದಲು ಕೇಳುವುದು ಒಂದೇ: ಈ ದುಡ್ಡು ಯಾವ ಲೆಕ್ಕಕ್ಕೆ? ಅದಕ್ಕೆ ಸಿಗುವ ಉತ್ತರದಲ್ಲೇ ಆ ಜಾಗದಲ್ಲಿ ನಮಗೆ ಎಷ್ಟು ಹಕ್ಕಿದೆ ಅನ್ನುವುದು ತಿಳಿಯುತ್ತದೆ.

ಸಂತೆ ಮೈದಾನ ಪುರಸಭೆಯದು. ಆದರೆ ಸುಂಕ ಎತ್ತುವವರು ಪುರಸಭೆಯವರಲ್ಲ, ಹರಾಜಿನಲ್ಲಿ ಗುತ್ತಿಗೆ ಹಿಡಿದವರ ಕಡೆಯ ಹುಡುಗರು. ಹರಾಜಿನಲ್ಲಿ ಅವರಿಗೆ ಸಿಗುವುದು ವಸೂಲಿ ಮಾಡುವ ಹಕ್ಕು ಮಾತ್ರ, ದರ ಕಟ್ಟುವ ಹಕ್ಕಲ್ಲ. ನಾನು ಕಚೇರಿಗೆ ಹೋಗಿ ದರಪಟ್ಟಿಯ ನಕಲು ತಂದು ಗಾಡಿಗೇ ಅಂಟಿಸಿದೆ. ಆಮೇಲೆ ಹುಡುಗರು ಜಾಸ್ತಿ ಕೇಳುವುದು ತಾನಾಗಿಯೇ ನಿಂತಿತು. ಜಗಳ ಆಡಬೇಕಾಗಿಯೇ ಬರಲಿಲ್ಲ.

ಸಂತೆಯಲ್ಲಿ ಇನ್ನೊಂದು ಇಲಾಖೆಯ ಕಣ್ಣೂ ಇರುತ್ತದೆ, ತೂಕ ಮತ್ತು ಅಳತೆಯವರದು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಹಳೇ ಕಾಲದ ಕೈ ತಕ್ಕಡಿ, ತೂಕದ ಬಟ್ಟುಗಳಿಗೆ 2 ವರ್ಷಕ್ಕೊಮ್ಮೆ. ಮುದ್ರೆ ಇಲ್ಲದಿದ್ದರೆ ತೂಕ ಸರಿಯಿದ್ದರೂ ಕೇಸು ಬೀಳುತ್ತದೆ. ಈ ಒಂದು ವಿಷಯದಲ್ಲಿ ನಾನು ಅಧಿಕಾರಿಗಳ ಪರ. ಗಿರಾಕಿಗೆ ನಮ್ಮ ತಕ್ಕಡಿ ನೋಡಿ ನಂಬುವುದು ಬಿಟ್ಟರೆ ಬೇರೆ ದಾರಿ ಏನಿದೆ?

ಖಾಸಗಿ ಮಾರ್ಕೆಟ್ಟಿನ ಬಗ್ಗೆ ಹೇಳುವುದು ಕಡಿಮೆ. ಅಲ್ಲಿ ಜಾಗ ಮಾಲೀಕರದು, ನಮ್ಮದು ಬಾಡಿಗೆ ಕರಾರು. ಆದರೆ ಸ್ವಂತ ಜಾಗ ಅಂತ ಯಾರು ಬೇಕಾದರೂ ಮಾರ್ಕೆಟ್ ನಡೆಸುವಂತಿಲ್ಲ. ಅದಕ್ಕೆ ಪುರಸಭೆಯ ಅನುಮತಿ ಬೇಕು. ನಮ್ಮ ಮಳಿಗೆಗೆ ಬೇರೆಯಾಗಿ ಉದ್ದಿಮೆ ಪರವಾನಗಿಯೂ ಬೇಕು. ಅಡ್ವಾನ್ಸ್ ಕೊಡುವ ಮುಂಚೆ ಮಾಲೀಕರ ಅನುಮತಿ ಪತ್ರ ತೋರಿಸಿ ಅಂತ ಕೇಳಿದೆ. ಅವರಿಗೆ ಸಿಟ್ಟು ಬಂತು, ಆದರೂ ತೋರಿಸಿದರು. ಬಾಡಿಗೆ ಏರಿದ ಮೇಲೆ ಹಣ್ಣಿನ ಲಾಭದಲ್ಲಿ ಅಲ್ಲಿ ಉಳಿಯುವುದು ಕಷ್ಟವಾಯಿತು. ಹಾಗಾಗಿ ತಳ್ಳುಗಾಡಿ ತಗೊಂಡು ರಸ್ತೆಗೆ ಬಂದೆ.

ರಸ್ತೆ ಬದಿ ಮಾರುವುದು ಕಳ್ಳತನದ ಕೆಲಸ ಅನ್ನುವ ಹಾಗೆ ನೋಡುವವರು ಈಗಲೂ ಇದ್ದಾರೆ. 1989ರಲ್ಲೇ ಸುಪ್ರೀಂ ಕೋರ್ಟ್ ಈ ಮಾತನ್ನು ಒಪ್ಪಲಿಲ್ಲ. ದೆಹಲಿಯ ಜನಪಥ್ ಲೇನ್‌ನಲ್ಲಿ ಒಂದು ಲೈಟ್ ಕಂಬದ ಹತ್ತಿರ ಬಟ್ಟೆ ಮಾರುತ್ತಿದ್ದ ಸೋದನ್ ಸಿಂಗ್ ಅವರ ಕೇಸು ಅದು. ರಸ್ತೆ ಇರುವುದು ಓಡಾಡಲು ಮಾತ್ರ ಅಂತ ಹೇಳಿ ಬೀದಿ ವ್ಯಾಪಾರದ ಹಕ್ಕನ್ನು ಪೂರ್ತಿ ಇಲ್ಲ ಅನ್ನುವಂತಿಲ್ಲ, ಆದರೆ ಇಂಥದೇ ಜಾಗ ನನ್ನದು ಅಂತ ಯಾರೂ ಹಟ ಹಿಡಿಯುವಂತಿಲ್ಲ, ನಿಯಂತ್ರಣ ಸರ್ಕಾರದ ಕೈಯಲ್ಲಿ ಅಂತ ಕೋರ್ಟ್ ಹೇಳಿತು. ಆ ನಿಯಂತ್ರಣಕ್ಕೊಂದು ಕಾಯ್ದೆ ಬರಲು 2014ರವರೆಗೆ ಕಾಯಬೇಕಾಯಿತು. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅಂತ ನಾವೆಲ್ಲ ಕರೆಯುವುದು ಇದನ್ನೇ. ಜಾರಿಗೆ ಬಂದದ್ದು ಆ ವರ್ಷದ ಮೇ 1ರಂದು.

ಇದರ ಪ್ರಕಾರ ಮೊದಲು ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರದ ಪ್ರಮಾಣ ಪತ್ರ ಸಿಗುವ ತನಕ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಸಮೀಕ್ಷೆಗೆ ಬಂದಾಗ ನಾನು ಅಂಗಡಿ ಬೀದಿ ಅಂತಷ್ಟೇ ಬರೆಸಲಿಲ್ಲ. ಲೈಟ್ ಕಂಬದ ನಂಬರು, ಎದುರಿನ ಬ್ಯಾಂಕು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅನ್ನುವುದನ್ನೂ ಬರೆಸಿದೆ. ಮುಂದೆ ಜಾಗದ ತಕರಾರು ಬಂದಾಗ ಕೈ ಹಿಡಿದದ್ದು ಆ ವಿವರವೇ. ಪತ್ರ ಸಿಕ್ಕವರು ಅದನ್ನು ಬಾಡಿಗೆಗೆ ಕೊಡುವಂತಿಲ್ಲ, ಬೇರೆಯವರ ಹೆಸರಿಗೆ ಮಾಡುವಂತಿಲ್ಲ. ನಾವೇ ಅಥವಾ ಮನೆಯವರೇ ಗಾಡಿ ನಡೆಸಬೇಕು. ವ್ಯಾಪಾರಿ ತೀರಿಕೊಂಡರೆ ಪತ್ರದ ಅವಧಿ ಮುಗಿಯುವ ತನಕ ಗಂಡ ಅಥವಾ ಹೆಂಡತಿ, ಇಲ್ಲವೇ ಅವಲಂಬಿತ ಮಕ್ಕಳು ಅಲ್ಲೇ ಮುಂದುವರಿಸಬಹುದು.

ನಿಜ ಹೇಳಬೇಕೆಂದರೆ, ನಮ್ಮಲ್ಲಿ ಜನ ಹೆಸರು ಬರೆಸಲು ಮುಗಿಬಿದ್ದದ್ದು ಕಾಯ್ದೆಯ ಮೇಲಿನ ಪ್ರೀತಿಗಲ್ಲ. 2020ರಲ್ಲಿ ಕೊರೋನಾ ಸಮಯದಲ್ಲಿ ಪಿಎಂ ಸ್ವನಿಧಿ ಸಾಲ ಬಂತಲ್ಲ, ಮೊದಲ ಕಂತು 10,000 ರೂಪಾಯಿ, ಅದಕ್ಕೆ. ಸಾಲದ ಆಸೆಗೆ ಬಂದವರ ಕೈಗೆ ಹಕ್ಕಿನ ಕಾಗದವೂ ಸೇರಿತು. ನನಗಂತೂ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಅಸಲಿ ಪರೀಕ್ಷೆ ಬಂದದ್ದು ಸಾಮಾನು ಜಪ್ತಿ ಮಾಡಲು ಪುರಸಭೆಯವರ ಟ್ರ್ಯಾಕ್ಟರ್ ಬಂದ ದಿನ. ಅವರು ಮೊದಲು ಕೈ ಹಾಕುವುದು ತಕ್ಕಡಿಗೆ. ತಕ್ಕಡಿ ಹೋದರೆ ವ್ಯಾಪಾರ ತಾನಾಗಿ ನಿಲ್ಲುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

"ಸಾರ್, ತಗೊಂಡು ಹೋಗಿ. ಏನೇನು ತಗೊಂಡಿರಿ ಅಂತ ಪಟ್ಟಿ ಮಾಡಿ ಸಹಿ ಹಾಕಿ ಕೊಡಿ," ಅಂದೆ.

"ಯಾವ ಪಟ್ಟಿನಮ್ಮ? ಆಫೀಸಿಗೆ ಬಾ, ಅಲ್ಲಿ ಮಾತಾಡೋಣ."

"ಅಲ್ಲಿಗೂ ಬರ್ತೀನಿ ಸಾರ್. ಪಟ್ಟಿ ಇಲ್ಲೇ ಕೊಡಬೇಕಲ್ವಾ? ಕಾಯ್ದೆಯ 19ನೇ ಕಲಮಿನಲ್ಲಿದೆ."

ಕಲಮಿನ ನಂಬರು ಹೇಳಿದ್ದೇ ಕೆಲಸ ಮಾಡಿತು. ಅವರು ಫೋನ್ ತೆಗೆದು ಯಾರಿಗೋ ಮಾಡಿದರು. ಆ ಕಲಮಿನಲ್ಲಿ ಇರುವುದು ಇಷ್ಟು: ಜಪ್ತಿ ಮಾಡಿದ ಸಾಮಾನಿನ ಪಟ್ಟಿಗೆ ಸಹಿ ಹಾಕಿ ನಮಗೊಂದು ಪ್ರತಿ ಕೊಡಬೇಕು. ಬೇಗ ಕೆಡುವ ಮಾಲು ಆದರೆ ನಾವು ಕೇಳಿದ ದಿನವೇ ಬಿಡಬೇಕು. ಉಳಿದದ್ದಕ್ಕೆ 2 ಕೆಲಸದ ದಿನ. ಹಣ್ಣಿನವರಿಗೆ ಇದೇ ಜೀವ. ಎರಡು ದಿನ ಗೋಡೌನಿನಲ್ಲಿ ಬಿದ್ದ ಬಾಳೆಹಣ್ಣನ್ನು ವಾಪಸ್ ತಗೊಂಡು ಏನು ಮಾಡುವುದು? ನಾನು ಆವತ್ತೇ ಅರ್ಜಿ ಬರೆದು, ಸ್ವೀಕೃತಿಯ ಸೀಲ್ ಹಾಕಿಸಿ, ಸಂಜೆಯೊಳಗೆ ಬುಟ್ಟಿಗಳನ್ನು ಬಿಡಿಸಿಕೊಂಡೆ.

ಜಪ್ತಿಗೂ ಮುಂಚೆ ಇನ್ನೊಂದು ಮೆಟ್ಟಿಲಿದೆ ಅನ್ನುವುದು ತುಂಬ ಜನರಿಗೆ ಗೊತ್ತಿಲ್ಲ. ಎಬ್ಬಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಆಮೇಲೂ ಕದಲದಿದ್ದರೆ ದಿನಕ್ಕೆ 250 ರೂಪಾಯಿಯವರೆಗೆ ದಂಡ ಹಾಕಬಹುದು, ಆದರೆ ಜಪ್ತಿಯಾದ ಮಾಲಿನ ಬೆಲೆ ಮೀರುವಂತಿಲ್ಲ. ಮರುದಿನ ಮುಖ್ಯಾಧಿಕಾರಿಗಳ ಮುಂದೆ ನಾನು ಇಟ್ಟ ಪ್ರಶ್ನೆ ಒಂದೇ: ನನ್ನ ನೋಟಿಸ್ ಎಲ್ಲಿ ಸಾರ್? ನೋಟಿಸ್ ಇರಲಿಲ್ಲ. ತಕ್ಕಡಿ ದಂಡವಿಲ್ಲದೆ ವಾಪಸ್ ಬಂತು.

ಕಾಯ್ದೆ ನಮ್ಮ ಮೇಲೂ ಹೊರೆ ಹಾಕುತ್ತದೆ. ಪತ್ರವಿಲ್ಲದೆ ಮಾರಿದರೆ, ಷರತ್ತು ಮೀರಿದರೆ 2,000 ರೂಪಾಯಿಯವರೆಗೆ ದಂಡವಿದೆ. ಸಿಪ್ಪೆ ಚರಂಡಿಗೆ ತಳ್ಳುವವರ, ನಡೆಯುವವರಿಗೆ ಒಂದಡಿಯನ್ನೂ ಬಿಡದವರ ಪರವಾಗಿ ನಾನು ಮಾತಾಡುವುದಿಲ್ಲ.

ಆ ಗಲಾಟೆಯ ನಂತರ, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯ ಚುನಾವಣೆಗೆ ನಿಂತು ಗೆದ್ದೆ. ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ಜಾಗ ವ್ಯಾಪಾರಿಗಳಿಗೆ, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರಿಗೆ. ಹಾಗಂತ ಸುಲಭವೇನಲ್ಲ. ಸಭೆ ಕರೆಯುವುದೇ ಅಪರೂಪ. ಕರೆದರೂ ನಡಾವಳಿ ಪುಸ್ತಕ ಮೊದಲೇ ಬರೆದಿಟ್ಟಿರುತ್ತಾರೆ. ಓದದೆ ಸಹಿ ಹಾಕಬೇಡಿ ಅಕ್ಕ ಅಂತ ಹೂವಿನವರಿಗೆ, ಸೊಪ್ಪಿನವರಿಗೆ ಹೇಳಿ ಹೇಳಿ ಸಾಕಾಗಿದೆ.

ಸದ್ಯದ ಜಗಳ ಬೇರೆ. ನಮ್ಮನ್ನು ಜನ ಸುಳಿಯದ ಒಂದು ಹಿಂದಿನ ರಸ್ತೆಗೆ ಕಳಿಸಿ, ಈಗಿರುವ ಬೀದಿಯನ್ನು ವ್ಯಾಪಾರ ನಿಷೇಧಿತ ವಲಯ ಮಾಡುವ ಯೋಚನೆ ನಡೆದಿದೆ. ಸಮೀಕ್ಷೆಯಲ್ಲಿ ಸಹಜ ಮಾರುಕಟ್ಟೆ, ಅಂದರೆ ಮಾರುವವರು ಕೊಳ್ಳುವವರು ಮೊದಲಿನಿಂದಲೂ ಸೇರುತ್ತ ಬಂದ ಜಾಗ, ಅಂತ ಗುರುತಾದದ್ದನ್ನು ಹಾಗೆ ಮಾಡುವಂತಿಲ್ಲ ಅಂತ ಕಾಯ್ದೆಯ ಅನುಸೂಚಿಯಲ್ಲೇ ಇದೆ. 50 ವರ್ಷಕ್ಕಿಂತ ಹಳೆಯದಾದರೆ ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿಂದ ಯಾರನ್ನೂ ಕದಲಿಸುವ ಹಾಗಿಲ್ಲ. ನಮ್ಮ ಬೀದಿಯ ವಯಸ್ಸಿಗೆ ಕಾಗದದ ಸಾಕ್ಷಿ ಬೇಕು. ಹಿರಿಯ ವ್ಯಾಪಾರಿಗಳ ಮನೆಗಳಲ್ಲಿ ಹಳೇ ಸುಂಕದ ರಸೀದಿ, ಬೀದಿಯ ಫೋಟೋ ಏನಾದರೂ ಇದೆಯಾ ಅಂತ ಹುಡುಕಿಸುತ್ತಿದ್ದೇವೆ. ಸಿಕ್ಕಿದ್ದನ್ನೆಲ್ಲ ಜೆರಾಕ್ಸ್ ಮಾಡಿಸಿ ಮುಂದಿನ ಸಭೆಗೆ ಇಡಬೇಕು.